ಬಾತುಗಳೂ ಬೀಗರ ಮನೆಗಳೂ

ನನ್ನ ಹತ್ತಿರ ಈಗ ಒರೆಸಿಕೊಳ್ಳುವ ಮೈಗಿಂತ ಟವೆಲ್ಲುಗಳೇ ಹೆಚ್ಚಾಗಿವೆ. ಹೆಂಡತಿ ಗಂಗವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ದುಃಖದ ಮನೆಯವರನ್ನು ಬೀಗರು ಸರತಿಯಂತೆ ಕರೆದೊಯ್ದು, ನಾಲ್ಕು ದಿನ ಇಟ್ಟುಕೊಂಡು, ಸಿಹಿ ಉಣಿಸಿ, ಹೆಗಲಿಗೆ ಹೊಸ ಟವೆಲ್ ಹಾಕಿ ಕಳಿಸುವುದು ನಮ್ಮ ಬಳಗದ ಪದ್ಧತಿ. ದುಃಖ ಒಬ್ಬೊಬ್ಬರ ಮನೆಯಲ್ಲಿ ಇಷ್ಟಿಷ್ಟು ಉಳಿದು, ವಾಪಸು ಬರುವಷ್ಟರಲ್ಲಿ ಹಗುರಾಗಿರುತ್ತದೆ ಎಂದು ಹಿರಿಯರು ನಂಬಿದ್ದರು. ಒಳ್ಳೆಯ ನಂಬಿಕೆಯೇ. ಆದರೆ ಒಂದು ಸುತ್ತು ಮುಗಿದ ಮೇಲೆ, ಯಾರೂ ಕರೆಯದೆ ನಾನು ಎರಡನೆಯ ಸುತ್ತು ಹೊರಟುಬಿಟ್ಟೆ. ಹೀಗೆ ಹೊರಟವರು ನಮ್ಮ ಬಳಗದಲ್ಲಿ ನಾನೊಬ್ಬನೇ ಇರಬೇಕು.

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಗಂಗವ್ವ ಹೋದಂದಿನಿಂದ ಅದರ ಬಾಗಿಲು ತೆಗೆದಿರಲಿಲ್ಲ. ಪ್ರತಿದಿನ ತೆಗೆಯಬೇಕೆಂದು ಏಳುತ್ತಿದ್ದೆ, ಅಂಗಿ ತೊಡುತ್ತಿದ್ದೆ. ಕಾಲು ಮಾತ್ರ ಬಸ್ ಸ್ಟ್ಯಾಂಡಿಗೆ ಹೋಗುತ್ತಿತ್ತು. ಯಾವ ಬಸ್ಸು ಮೊದಲು ಹೊರಡುತ್ತಿತ್ತೋ ಅಂದಿಗೆ ಅದರ ಬೋರ್ಡಿನ ಮೇಲಿದ್ದದ್ದೇ ನನ್ನ ಊರು.

ಇಂಡಿಯಲ್ಲಿ ಅಕ್ಕನ ಮನೆ. ಎರಡನೆಯ ಸಲ ಹೋದಾಗ ಅವಳು ಹೊಸ್ತಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹೋದ ಸಲ ಟವೆಲ್ ಹಾಕಿ ಕಳಿಸೇನಿ. ಈಗೇನ್ ಹಾಸಗಿ ಹೊರಿಸಿ ಕಳಿಸ್ಲಿ?"

"ಸುಮ್ನ ಬಂದೇನಿ ಬಿಡಕ್ಕಾ."

"ಸುಮ್ನ ಬರೂದಾದ್ರ ಬಾ. ಗಿರಣಿಗೆ ಅಂಜಿ ಬರಬ್ಯಾಡ."

ಸಿಂದಗಿಯಲ್ಲಿ ಮಗಳು ಇಷ್ಟು ಬಿರುಸಲ್ಲ. ನಾನು ಕೂತು, ಎದ್ದು, ಅಂಗಳಕ್ಕೆ ಹೋಗಿ ಮತ್ತೆ ಒಳಗೆ ಬಂದದ್ದನ್ನು ನೋಡಿ, "ಅಪ್ಪಾ, ಚಾ ಆರೂತನಕಾದ್ರೂ ಕುಂದ್ರು" ಎಂದಳು. ಬಿಸಿಯಿರುವಾಗಲೇ ಕುಡಿದೆ. ಬಾಯಿ ಸುಟ್ಟುಕೊಂಡೇ ಮುದ್ದೇಬಿಹಾಳದ ಬಸ್ಸು ಹಿಡಿದೆ.

ಅಲ್ಲಿ ಗಂಗವ್ವನ ತಮ್ಮ ಸಂಗಪ್ಪನಿದ್ದಾನೆ. ಅವನ ಹೊಲ ಅಣೆಕಟ್ಟಿನ ಹಿನ್ನೀರಿನ ದಂಡೆಗೆ. ಚಳಿಗಾಲದಲ್ಲಿ ಅಲ್ಲಿಗೆ ತಲೆಯ ಮೇಲೆ ಕಪ್ಪು ಪಟ್ಟಿಯಿರುವ ದೊಡ್ಡ ಬಾತುಗಳು ಬರುತ್ತವೆ. ನಾನು ಕಲಿತದ್ದು ಹತ್ತನೆಯ ತನಕ. ಪಾಸಾದೆನೋ ಎಂದು ಕೇಳಬೇಡಿ. ಉಳಿದ ವಿದ್ಯೆಯೆಲ್ಲ ಮೊಬೈಲಿನ ಕೃಪೆ. ಈ ಬಾತುಗಳು ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬರುತ್ತವಂತೆ. ಹಕ್ಕಿಗಳು ಹಗಲಿನಲ್ಲಿ ಸೂರ್ಯನನ್ನು, ಇರುಳಿನಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುತ್ತವಂತೆ. ಮೋಡ ಕವಿದರೆ ಭೂಮಿಯ ಅಯಸ್ಕಾಂತವೇ ದಾರಿ ತೋರುತ್ತದಂತೆ. ನಾನು ಇಂಡಿಯಿಂದ ಸಿಂದಗಿಗೆ ಹೋಗಬೇಕಾದರೂ ಇಬ್ಬರು ಕಂಡಕ್ಟರರನ್ನು ಕೇಳುವ ಮನುಷ್ಯ.

ಅದಕ್ಕಿಂತ ನನ್ನ ತಲೆ ಕೆಡಿಸಿದ ಸಂಗತಿ ಇನ್ನೊಂದು. ದೂರ ಹೋಗುವ ಹಕ್ಕಿ ಒಂದೇ ಉಸಿರಿಗೆ ಹೋಗುವುದಿಲ್ಲ. ನಡುವೆ ಯಾವುದೋ ಕೆರೆಯಲ್ಲಿ ಇಳಿದು, ತಿಂದು, ಮೈತುಂಬಿಕೊಂಡು ಮತ್ತೆ ಏಳುತ್ತದೆ. ಹೊರಟ ಊರು, ಮುಟ್ಟುವ ಊರು ಎರಡೂ ಚೆನ್ನಾಗಿದ್ದರೆ ಸಾಲದು. ನಡುವಿನ ಕೆರೆ ಒಣಗಿದರೂ ಪ್ರಯಾಣ ಕೆಡುತ್ತದೆ ಎನ್ನುತ್ತಾರೆ ತಿಳಿದವರು. ಹಾಗೆ ನೋಡಿದರೆ ಅಕ್ಕ, ಮಗಳು, ಸಂಗಪ್ಪ ಎಲ್ಲರೂ ನನ್ನ ನಡುದಾರಿಯ ಕೆರೆಗಳೇ. ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನನ್ನನ್ನು ಕೆರೆಗೆ ಹೋಲಿಸುತ್ತೀಯಾ ಎಂದು ಎರಡು ದಿನ ಮಾತು ಬಿಟ್ಟಳು.

ಸಂಗಪ್ಪನಿಗೆ ಈ ಬಾತುಗಳ ಮೇಲೆ ಭಕ್ತಿಯೇನಿಲ್ಲ. ಬೆಳಿಗ್ಗೆ ಅವನ ಕಡಲೆ ಹೊಲದಲ್ಲಿ ಇಳಿದು ಚಿಗುರು ಮೇಯುತ್ತಿದ್ದವು. ಇಬ್ಬರೂ ಬದುವಿನ ಮೇಲೆ ಕೂತಿದ್ದೆವು.

"ತಿನ್ನೂದು ನಮ್ಮ ಕಡ್ಲಿ, ತತ್ತಿ ಇಡೂದು ಟಿಬೇಟದಾಗ" ಎಂದ ಅವನು. "ನಿಮ್ಮಂಗ ನೋಡ್ರಿ ಮಾವಾ. ಉಣ್ಣೂದು ನಮ್ಮನಿಯಾಗ, ಮನಸ್ಸು ಇನ್ನೆಲ್ಲ್ಯೋ."

ಆ ಮಾತಿಗೆ ನಗಬೇಕಿತ್ತು. ನಾನು ಬೇರೆಯದನ್ನೇ ಕೇಳಿದೆ: "ಸಂಗಪ್ಪಾ, ಇವು ಜೋಡಿ ಬಿಟ್ಟು ಇರೂದಿಲ್ಲಂತ. ಜೋಡಿ ಸತ್ತರ ಉಳದದ್ದು ತಿರುಗಿ ಹೊಕ್ಕೈತೇನು?"

ಅವನು ಹಕ್ಕಿಗಳ ಕಡೆ ಕೈ ಮಾಡಿದ. "ಯಾವುದರ ಜೋಡಿ ಸತ್ತೈತಿ ಅಂತ ಹಣಿ ಮ್ಯಾಲೆ ಬರದಿರತೈತೇನ್ರಿ? ಹೋಗೂ ವ್ಯಾಳೆ ಬಂತಂದ್ರ ಎದ್ದು ಹೊಕ್ಕಾವ. ಅದು ಇರ್ಲಿ, ನೀವ್ಯಾಕ ಗಿರಣಿ ತಗಿಯಾಕ ಒಲ್ರಿ?"

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ಗಿರಣಿಯ ಒಡೆಯ ಎಂದು ಊರು ಕರೆಯುತ್ತಿದ್ದದ್ದು ನನ್ನನ್ನು. ಆದರೆ ಹಿಟ್ಟು ಬೀಳುವ ಕಡೆ ನಿಂತು, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಕಲ್ಲು ಬಿಗಿ ಮಾಡು, ಸಡಿಲ ಮಾಡು ಎಂದು ಗದ್ದದಲ್ಲೇ ಸನ್ನೆ ಮಾಡುತ್ತಿದ್ದವಳು ಗಂಗವ್ವ. ನಾನು ಅದರಂತೆ ಕಲ್ಲಿನ ಬಿಗಿಯ ಚಕ್ರ ತಿರುಗಿಸುತ್ತಿದ್ದೆ, ಅಷ್ಟೆ. ಬಿಗಿ ಕಡಿಮೆಯಾದರೆ ಜೋಳದ ಹಿಟ್ಟು ರವೆಯಾಗುತ್ತದೆ. ಹೆಚ್ಚಾದರೆ ಹಿಟ್ಟು ಸುಟ್ಟು, ಜಿಗುಟು ಹೋಗಿ, ರೊಟ್ಟಿ ಬಿರಿಯುತ್ತದೆ. ನಡುವಿನ ಹದ ನನ್ನ ಬೆರಳಿಗೆ ಬರಲೇ ಇಲ್ಲ. ಗಿರಣಿ ತೆಗೆದರೆ ಅವಳಿಲ್ಲದ್ದು ಊರಿನ ಎಲ್ಲ ರೊಟ್ಟಿ ಹಂಚಿನ ಮೇಲೂ ಗೊತ್ತಾಗುತ್ತದೆ.

ಸಂಗಪ್ಪ ಕೇಳಿ ಮುಗಿಸಿ, "ಹಂಗಾರ ನಮ್ಮಕ್ಕ ಬರೂಕ್ಕಿಂತ ಮೊದಲ ಏನ್ ಉಸುಕು ಬೀಸತಿದ್ರೇನು?" ಎಂದ.

ನಿಜ ಹೇಳಬೇಕೆಂದರೆ, ಹೆಚ್ಚುಕಡಿಮೆ ಅದನ್ನೇ. ಗಂಗವ್ವ ಸತ್ತ ಮೇಲೆ ನಾನು ಮೊದಲ ಸಲ ನಕ್ಕದ್ದು ಆ ಬದುವಿನ ಮೇಲೆ. ಜೊತೆಗೇ ಅಳುವೂ ಬಂತು. ಬಾತುಗಳು ಗಾಬರಿಯಾಗಿ ಎದ್ದು ನೀರಿಗೆ ಹೋದವು. ಅಷ್ಟರಮಟ್ಟಿಗೆ ಕಡಲೆ ಉಳಿಯಿತು.

ಮರುದಿನ ಬಾಗೇವಾಡಿಗೆ ಬಂದು ಗಿರಣಿ ತೆಗೆದೆ. ಬೆಲ್ಟಿನ ಸದ್ದು ಕೇಳಿ ಓಣಿಯ ಹೆಂಗಸರು ಬುಟ್ಟಿ ಹೊತ್ತು ಬಂದರು. ಹೆದರಿದಂತೆಯೇ ಆಯಿತು.

"ಕಾಕಾ, ಉಪ್ಪಿಟ್ಟಿಗೆ ಬೀಸಾಕತ್ತೀರೇನು? ನಾ ಕೊಟ್ಟಿದ್ದು ರೊಟ್ಟಿಗ್ರಿ" ಎಂದಳು ಮುಂದೆ ನಿಂತಿದ್ದ ನೀಲವ್ವ. ಬಿಗಿ ಮಾಡಿದೆ. ಹಿಂದಿದ್ದ ಮುದುಕಿ ಹಿಟ್ಟಿಗೆ ಕೈ ಹಾಕಿ, "ಸುಡಾಕತ್ತೈತೋ ಮಾರಾಯಾ, ಸಡ್ಲ ಬಿಡು" ಎಂದಳು. ಸಡಿಲ ಮಾಡಿದೆ. ಮೂರನೆಯವಳು ಅದೂ ಸಾಲದೆಂದಳು. ಸಂಜೆಯ ಹೊತ್ತಿಗೆ ಎಲ್ಲರೂ ಹಿಟ್ಟಿನಲ್ಲಿ ಕೈಯಿಟ್ಟು ಜಗಳವಾಡುತ್ತಿದ್ದರು. ಗಂಗವ್ವ ಸನ್ನೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಒಂದು ಓಣಿಯೇ ಬೇಕಾಗಿದೆ. ಆದರೂ ಕೆಲಸ ನಡೆಯುತ್ತಿದೆ.

ಕಾಲಿನ ಚಡಪಡಿಕೆ ಹೋಯಿತೇ ಎಂದರೆ, ಇಲ್ಲ. ಇದಕ್ಕೂ ಮೊಬೈಲಿನಲ್ಲಿ ಒಂದು ಮಾತು ಸಿಕ್ಕಿದೆ. ವಲಸೆಯ ಹಕ್ಕಿಯನ್ನು ಪಂಜರದಲ್ಲಿಟ್ಟರೂ, ಹೊರಡುವ ಕಾಲ ಬಂದಾಗ ಅದು ನಿಲ್ಲಲಾರದೆ ಅತ್ತ ಇತ್ತ ಹಾರುತ್ತದಂತೆ. ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ರೆಕ್ಕೆ ಬಡಿಯುತ್ತದಂತೆ. ವಿಚಿತ್ರವೆಂದರೆ, ಆ ದೂರ ಹಾರಲು ಎಷ್ಟು ದಿನ ಬೇಕಿತ್ತೋ ಹೆಚ್ಚುಕಡಿಮೆ ಅಷ್ಟು ದಿನ ಒದ್ದಾಡಿ, ಆಮೇಲೆ ತಾನಾಗಿ ಸುಮ್ಮನಾಗುತ್ತದಂತೆ. ಎಲ್ಲಿಗೂ ಹೋಗದೆಯೇ ಎಲ್ಲೋ ಮುಟ್ಟಿದಂತೆ. ನಾನು ಹೋಗಬೇಕಾದ ಊರು ಎಷ್ಟು ದೂರವೋ ನನಗೆ ಗೊತ್ತಿಲ್ಲ. ಗಿರಣಿ ನಡೆಯುವಾಗ ಈಗಲೂ ಒಂದು ಕಾಲು ಕುಣಿಯುತ್ತಲೇ ಇರುತ್ತದೆ. ಕುಣಿಯಲಿ. ಹಿಟ್ಟು ಮಾತ್ರ ಮೊನ್ನೆಯಿಂದ ಸ್ವಲ್ಪ ಸಣ್ಣಗೆ ಬೀಳುತ್ತಿದೆ.