ರಕ್ತ ಬಾರದ ಬೀದಿ

ನಾನು ನಿಂತಿದ್ದುದು ಶಿವಾಜಿನಗರದ ನಮ್ಮ ಪ್ರಯೋಗಾಲಯದಲ್ಲಿ, ಡೀಪ್ ಫ್ರೀಜರ್‌ನ ಎಡಬದಿಗೆ. ಚಿಕುನ್‌ಗುನ್ಯಾ ಬಂದ 2006ರ ಮಳೆಗಾಲ, ಬೆಳಗಿನ ಹೊತ್ತು. ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಅದರ ಬಾಗಿಲು ತೆರೆದರು. ಬಿಳಿಯ ಹಬೆ ಅವರ ಮೊಣಕೈಯನ್ನು ಮುಚ್ಚಿಕೊಂಡಿತು. ರಕ್ತದ ಟ್ಯೂಬುಗಳ ರ‍್ಯಾಕನ್ನು ಹೊರಗೆಳೆದು, ಅದರ ಖಾಲಿ ಸಾಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. ನಾಡಿ ನೋಡುವವರ ಹಾಗಿತ್ತು ಅದು.

ರ‍್ಯಾಕಿನಲ್ಲಿ ಒಂದೊಂದು ಬಡಾವಣೆಗೆ ಒಂದೊಂದು ಸಾಲು. ಅದು ಅವರು ಮಾಡಿದ ಪದ್ಧತಿ. ಬೆನ್ಸನ್ ಟೌನ್, ಫ್ರೇಜರ್ ಟೌನ್ ಸಾಲುಗಳು ಭರ್ತಿಯಾಗಿದ್ದವು. ಅಲ್ಲಿಯ ಕ್ಲಿನಿಕ್ಕುಗಳು ಜ್ವರ ಬಂದ ದಿನವೇ ರಕ್ತ ತೆಗೆದು ಕಳಿಸುತ್ತಿದ್ದವು. ರಾಮಮೂರ್ತಿ ನಗರದ ಸಾಲಿನಲ್ಲಿ ಏನೂ ಇರಲಿಲ್ಲ. ಜಾಗ ಸಾಲದೆ ನಾವು ಅಲ್ಲಿ ಬೇರೆ ಟ್ಯೂಬು ಇಟ್ಟರೆ, ಮೇಡಂ ಅದನ್ನು ತೆಗೆದು ನಮ್ಮ ಕೈಗೇ ಕೊಡುತ್ತಿದ್ದರು. ಅಲ್ಲಿ ಜನ ಇದ್ದಾರೆ ಎನ್ನುವರು, ಅಷ್ಟೇ. ಮೇಡಂ ಬಾಯಲ್ಲಿ ಸದಾ ಒಂದು ಲವಂಗ. ಅವರು ಬರುವುದು ನಮಗೆ ಮೊದಲು ವಾಸನೆಯಿಂದ ತಿಳಿಯುತ್ತಿತ್ತು.

ಕೆಲವು ಟ್ಯೂಬುಗಳನ್ನು ನಾವು ದೊಡ್ಡ ಸಂಸ್ಥೆಗೆ ಕಳಿಸುತ್ತಿದ್ದೆವು. ಅವರು ವೈರಸ್ಸಿನ ಒಳಗಿನ ಬರಹವನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದರು. ಓದಿದ್ದೆಲ್ಲ ಒಂದೇ ಥರ ಬಂತು. ನಗರದ ಪೂರ್ವ ಭಾಗಕ್ಕೆಲ್ಲ ಇದೊಂದೇ ರೂಪ, ಅದೂ ಇಳಿಯುತ್ತಿದೆ, ಇನ್ನು ಪರೀಕ್ಷೆ ಸಾಕು ಎಂದರು ಮೇಲಿನವರು. ಸೊಳ್ಳೆಗೆ ಹೊಗೆ ಹೊಡೆಯುವ ಗಾಡಿಗಳು ಕೂಡ ರಕ್ತ ಬಂದ ಬೀದಿಗಳಿಗೇ ಹೋಗುತ್ತಿದ್ದವು.

"ನಮ್ಮನ್ನ ಹುಡುಕ್ಕೊಂಡು ಬಂದಿದ್ದನ್ನ ಮಾತ್ರ ನಾವು ನೋಡಿದೀವಿ ರೀ" ಎಂದರು ಮೇಡಂ. "ಬರದೇ ಇರೋದು ಎಲ್ಲಿ ಕೂತು ಏನ್ ಮಾಡ್ತಿದೆಯೋ."

ಅದೇ ವಾರ ಅವರ ಮನೆಗೆ ಅಡುಗೆಗೆ ಬರುತ್ತಿದ್ದ ಯಾದಗಿರಿ ಕಡೆಯ ಮಲ್ಲಮ್ಮ ಬರುವುದು ನಿಂತಿತು. ಅವಳು ರಾಮಮೂರ್ತಿ ನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದಳು. ಮೇಡಂ ಜೀಪು ತೆಗೆಯಲು ಹೇಳಿದಾಗ ಡ್ರೈವರ್ ಆರೋಗ್ಯಸ್ವಾಮಿ ನಕ್ಕ.

"ಅಡುಗೆಯವಳನ್ನ ಹುಡ್ಕೋಕೆ ಆಫೀಸ್ ಜೀಪಾ ಮೇಡಂ?"

"ಹೂಂ ಕಣಪ್ಪಾ. ಜೊತೆಗೆ ಐಸ್ ಡಬ್ಬಾನೂ ಇಟ್ಕೋ."

ಓಣಿಯ ಬಾಯಲ್ಲಿ ಇಳಿದೆವು. ಹಗಲು ಹನ್ನೊಂದರ ಸುಮಾರು. ಪಾತ್ರೆಯ ಸದ್ದಿಲ್ಲ, ರೇಡಿಯೋ ಇಲ್ಲ, ಮಕ್ಕಳಿಲ್ಲ. ಬೀದಿ ನಲ್ಲಿಯಲ್ಲಿ ನೀರು ಬಂದು ಕೊಡ ತುಂಬಿ ಹರಿಯುತ್ತಿತ್ತು, ನಿಲ್ಲಿಸುವವರಿರಲಿಲ್ಲ. ಎಲ್ಲರೂ ಊರಿಗೆ ಹೋಗಿರಬೇಕೆಂದುಕೊಂಡೆ. ಅಷ್ಟರಲ್ಲಿ ಜೀಪಿನ ಸದ್ದಿಗೆ ಬಾಗಿಲುಗಳು ಒಂದೊಂದಾಗಿ ತೆರೆದವು. ಹೊರಬಂದವರೆಲ್ಲ ಸೊಂಟದಲ್ಲಿ ಒಂದೇ ಥರ ಬಾಗಿದ್ದರು. ಮುದುಕರು, ಗಾರೆ ಕೆಲಸದ ಗಟ್ಟಿ ಗಂಡಸರು, ಹುಡುಗಿಯರು, ಎಲ್ಲರೂ. ಗೋಡೆ ಹಿಡಿದು, ಪಾದ ಎತ್ತದೆ, ನೆಲಕ್ಕೆ ಉಜ್ಜುತ್ತ ನಮ್ಮ ಕಡೆ ಬಂದರು. ಆ ಉಜ್ಜುವ ಸದ್ದು ನನಗೆ ಈಗಲೂ ಕೇಳುತ್ತದೆ.

ಮಲ್ಲಮ್ಮನೂ ಹಾಗೆಯೇ ಬಂದಳು. ಕಂಕುಳಲ್ಲಿ ಮಗಳ ಹಸುಗೂಸು.

"ಜ್ವರ ಹೋಗ್ಯಾದ್ರಿ ಅಮ್ಮಾರ. ಕೀಲಷ್ಟೇ ಹಿಡದಾವ" ಎಂದಳು. "ಹೊಗೆ ಗಾಡಿ ನಮ್ಮ ಓಣಿಗೆ ಯಾಕ ಬರಂಗಿಲ್ರಿ? ಈ ಕೂಸಿಗೆ ಹತ್ತಿದ್ರ ಉಳೀತೈತೇನ್ರಿ?"

ಮೇಡಂ ಕೂಸನ್ನು ಇಸಿದುಕೊಂಡು ಜಗಲಿಯ ಮೇಲೆ ಕುಳಿತರು. ನಾನು ಒಬ್ಬೊಬ್ಬರದೇ ರಕ್ತ ತೆಗೆದೆ. ಪ್ರಯೋಜನವಿಲ್ಲವೆಂದು ನನಗೂ ಮೇಡಂಗೂ ಗೊತ್ತಿತ್ತು. ಓದಲು ವೈರಸ್ ಬೇಕಾದರೆ ಜ್ವರದ ಮೊದಲ ದಿನಗಳ ರಕ್ತ ಬೇಕು. ಇವರದರಲ್ಲಿ ಉಳಿದಿರುವುದು ಅದು ಬಂದುಹೋದ ಗುರುತು ಮಾತ್ರ. ಅದನ್ನು ಒಯ್ದರೆ, ಮುಗಿದ ರೋಗ ಬಿಡಿ ಎನ್ನುತ್ತಾರೆ ಮೇಲಿನವರು.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಕಾಲಿಗೆ ಬಿಳಿ ಪಟ್ಟೆಯ, ಈ ಜ್ವರ ಹರಡುವ ಸೊಳ್ಳೆಯೊಂದು ಕೂಸಿನ ಪಾದದ ಸುತ್ತ ಹಾರುತ್ತಿತ್ತು. ಮೇಡಂ ಬಲಗೈಯಿಂದ ಸೆರಗೆಳೆದು ಪಾದ ಮುಚ್ಚಿದರು. ಸೊಳ್ಳೆ ಅವರ ಎಡ ಮಣಿಕಟ್ಟಿನ ಮೇಲೆ ಕೂತಿತು. ಬಲಗೈ ಖಾಲಿಯಿತ್ತು, ಮೊಣಕಾಲ ಮೇಲಿತ್ತು. ಅವರು ಸೊಳ್ಳೆಯನ್ನೇ ನೋಡಿದರು. ಅದರ ಹೊಟ್ಟೆ ಕೆಂಪಗೆ ಉಬ್ಬಿ, ಅದು ತಾನಾಗಿ ಎದ್ದುಹೋಗುವವರೆಗೂ ನೋಡಿದರು. ಕೈ ಅಲ್ಲಾಡಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ, ಮೈಯೆಲ್ಲ ಕಾದು ಕೆಂಡವಾಗಿದ್ದ ಮೇಡಂ ಬಂದು ನನ್ನೆದುರು ತೋಳು ಚಾಚಿದರು.

"ತೆಗೀರಿ. ಇವತ್ತೇ ಶುರುವಾಗಿದ್ದು."

ಟ್ಯೂಬಿನ ಚೀಟಿಯಲ್ಲಿ ಅವರ ಮನೆಯಿರುವ ಬೆನ್ಸನ್ ಟೌನ್ ಎಂದು ಬರೆಯಹೋದೆ. ಮಡಿಸಲಾಗದ ಬೆರಳುಗಳನ್ನು ನನ್ನ ಪೆನ್ನಿನ ಮೇಲಿಟ್ಟು ತಡೆದರು.

"ಕಚ್ಚಿದ್ದೆಲ್ಲೋ ಆ ಜಾಗ ಬರೀರಿ."

ಎಲ್ಲಿ ಕಚ್ಚಿತೆಂದು ಯಾರಿಗೆ ಗೊತ್ತು ಮೇಡಂ ಎಂದೆ.

"ನೀವೂ ನೋಡಿದ್ರಲ್ಲ ರೀ."

ಖಾಲಿ ಸಾಲಿನ ಮೊದಲ ಟ್ಯೂಬು ಅದು. ಅದರ ಓದು ಬಂದಾಗ ಬೇರೆ ಯಾವುದರಲ್ಲೂ ಇಲ್ಲದ ಒಂದು ಅಕ್ಷರ ಅದರಲ್ಲಿತ್ತು. ನಾವು ಒಂದೇ ರೂಪ ಎನ್ನುತ್ತಿದ್ದಾಗ, ಇನ್ನೊಂದು ಆ ಓಣಿಗಳಲ್ಲಿ ಸದ್ದಿಲ್ಲದೆ ಮನೆ ಮಾಡಿಕೊಂಡಿತ್ತು. ಪರೀಕ್ಷೆ ನಿಲ್ಲಲಿಲ್ಲ. ರಾಮಮೂರ್ತಿ ನಗರಕ್ಕೆ ಹೊಗೆ ಗಾಡಿ ಹೋಯಿತು. ಕೂಸಿಗೆ ಜ್ವರ ಬರಲಿಲ್ಲ.

ಮೇಡಂ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಲವಂಗವನ್ನು ಎರಡು ಗೆಣ್ಣುಗಳ ನಡುವೆ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಸೊಳ್ಳೆ ಕಚ್ಚುವಾಗ ಬೇಕೆಂದೇ ಸುಮ್ಮನಿದ್ದರೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಿವೃತ್ತರಾಗಿ ಕೆಲ ವರ್ಷಕ್ಕೆ ತೀರಿಕೊಂಡರು. ರ‍್ಯಾಕಿನ ಖಾಲಿ ಸಾಲುಗಳನ್ನು ಈಗ ನಾನು ಕಾಯುತ್ತೇನೆ.

ಅಂದು ಆ ಜಗಲಿಯಲ್ಲಿ ಇದನ್ನು ಕಂಡವರು ನಾನಲ್ಲದೆ ಇನ್ನೂ ಇದ್ದಾರೆ. ಹಲಸೂರಿನಲ್ಲಿ ಆರೋಗ್ಯಸ್ವಾಮಿ, ಅದೇ ವಠಾರದಲ್ಲಿ ಮಲ್ಲಮ್ಮ. ಮತ್ತೆ, ಮೇಡಂ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಆ ಕೂಸು. ಹೆಸರು ನೀಲಮ್ಮ, ಕೆ.ಆರ್. ಪುರದಲ್ಲಿದ್ದಾಳೆ.