ಆರು ಗಂಟೆಯ ಸೊನ್ನೆ

ಬೆಳಗ್ಗೆ ಆರು ಗಂಟೆ. ಉಷ್ಣಾಂಶ ಹದಿನಾಲ್ಕು ಡಿಗ್ರಿ. ಸೊಳ್ಳೆ ಒಂದೂ ಇಲ್ಲ.

ನಾಲ್ಕು ಮಹಡಿಯ ವಸತಿ ಕಟ್ಟಡದ ಮೆಟ್ಟಿಲಡಿ, ನೀರಿನ ಡ್ರಮ್ಮುಗಳ ನಡುವೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ಬಲಗಾಲಿನ ಪೈಜಾಮ ಮೊಣಕಾಲಿನ ತನಕ ಮಡಚಿದೆ. ಕೈಯಲ್ಲಿ ಗಾಜಿನ ನಳಿಕೆ. ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯ ತುದಿ ಹಲ್ಲುಗಳ ನಡುವೆ. ಸೊಳ್ಳೆ ಕಾಲಿನ ಮೇಲೆ ಕೂತೊಡನೆ, ಚುಚ್ಚುವ ಮೊದಲೇ, ಉಸಿರೆಳೆದು ಅದನ್ನು ನಳಿಕೆಯೊಳಕ್ಕೆ ಸೆಳೆಯಬೇಕು. ನಡುವೆ ಜಾಲರಿ ಬಟ್ಟೆ ಇರುವುದರಿಂದ ಸೊಳ್ಳೆ ಬಾಯಿಗೆ ಹೋಗುವುದಿಲ್ಲ. "ಎರಡು ಸಲ ಹೋಗಿದೆ. ಅಂಥಾ ರುಚಿಯೇನಿಲ್ಲ" ಎನ್ನುತ್ತಾರೆ.

ಕಟ್ಟಡದ ಕಾವಲುಗಾರ ಹಲ್ಲುಜ್ಜುತ್ತ ಬಗ್ಗಿ ನೋಡುತ್ತಾನೆ. "ಏನಕ್ಕಾ, ಗಿರಾಕಿ ಬಂದ್ವಾ?"

"ಇನ್ನೂ ಬೋಣಿ ಆಗಿಲ್ಲಪ್ಪ. ನೀನೇ ಬಂದು ಕೂತ್ಕೋ."

ಎಂಟು ಗಂಟೆಗೆ ಕಾಲು ಮುಚ್ಚಿಕೊಂಡು, ಆರೋಗ್ಯ ಇಲಾಖೆಯ ನಮೂನೆಯಲ್ಲಿ 'ಬೆಳಗ್ಗೆ 6ರಿಂದ 8' ಎಂಬ ಚೌಕದ ಮನೆಯೊಳಗೆ ಸೊನ್ನೆ ಬರೆಯುತ್ತಾರೆ. ಸಂಜೆ ಐದರಿಂದ ಏಳಕ್ಕೆ ಇನ್ನೊಂದು ಮನೆ ಇದೆ. ಈ ತಿಂಗಳಲ್ಲಿ ಅಲ್ಲಿಯೂ ಒಂದು, ತಪ್ಪಿದರೆ ಎರಡು. ಮೂರನೇ ಮನೆ ಇಲ್ಲ. ಇವರ ಜಗಳವೆಲ್ಲ ಆ ಇಲ್ಲದ ಮನೆಯ ಮೇಲೆ.

ಇಲಾಖೆಯ ಕಡತದಲ್ಲಿ ಇವರು ಕೀಟ ಸಂಗ್ರಾಹಕಿ. ಬಡಾವಣೆಗೆ 'ಸೊಳ್ಳೆ ಅಕ್ಕ'. ವಯಸ್ಸು ನಲವತ್ತಾರು, ಓದು ಹತ್ತನೇ ತರಗತಿ. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದವರು. ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಕೀಟತಜ್ಞರು ಮಸೂರದ ಕೆಳಗೆ ಸೊಳ್ಳೆ ಇಟ್ಟು ಜಾತಿ ಗುರುತಿಸಲು ಕಲಿಸಿದರು. ಹತ್ತೊಂಬತ್ತು ವರ್ಷಗಳಿಂದ ಕಾಲು ಚಾಚಿ ಕೂರುತ್ತಿದ್ದಾರೆ. ಎರಡು ಬಾರಿ ಡೆಂಗಿ ಬಂದಿದೆ. ಎರಡನೆಯದರಲ್ಲಿ ಉದುರಿದ ಕೂದಲು ಪೂರ್ತಿ ಮರಳಿಲ್ಲ. "ಈ ಕಾಲು ಸರ್ಕಾರದ್ದು, ಉಳಿದಿದ್ದು ನಂದು" ಎಂದು ನಗುತ್ತಾರೆ. ಆ ನಗು ಬೇಗ ಮುಗಿಯುತ್ತದೆ.

ಡೆಂಗಿ ಹರಡುವ ಸೊಳ್ಳೆ ಹಗಲಿನದು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಬೇಸಿಗೆಯಲ್ಲಿ ಹೊತ್ತು ಬೇಗ ಹುಟ್ಟುತ್ತದೆ, ತಡವಾಗಿ ಮುಳುಗುತ್ತದೆ, ನಡುಹಗಲು ಕಾದ ಹೆಂಚು. ಆಗ ಅದು ಬೆಳಗಿನ ತಂಪಿನಲ್ಲೊಮ್ಮೆ, ಸಂಜೆಯ ತಂಪಿನಲ್ಲೊಮ್ಮೆ ಹಾರುತ್ತದೆ. ಇಲಾಖೆಯ ನಮೂನೆ ತಯಾರಾದದ್ದು ಅಂಥ ಒಂದು ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಲೆಕ್ಕ ತಿರುಗುತ್ತದೆ. ಸೂರ್ಯ ಹುಟ್ಟುವುದೇ ಏಳಕ್ಕೆ. ಹದಿನಾಲ್ಕು ಡಿಗ್ರಿಯಲ್ಲಿ ಸೊಳ್ಳೆಗೆ ರೆಕ್ಕೆ ಬಡಿಯುವ ತ್ರಾಣವಿರುವುದಿಲ್ಲ. ಮಂಚದ ಕೆಳಗೆ, ಪರದೆಯ ಹಿಂದೆ ಮುದುಡಿ ಕೂತಿರುತ್ತದೆ. ಬಿಸಿಲೇರಿದ ಮೇಲೆ ಹೊರಡುತ್ತದೆ, ಹೊತ್ತು ಮುಳುಗುವ ಮೊದಲೇ ಕೆಲಸ ಮುಗಿಸುತ್ತದೆ. ಎರಡು ಪಾಳಿ ಒಂದಾಗಿ ಮಧ್ಯಾಹ್ನಕ್ಕೆ ಬರುತ್ತದೆ.

ಹಿಂದೆ ಚಳಿಗಾಲದ ಮಧ್ಯಾಹ್ನವೂ ತಣ್ಣಗಿರುತ್ತಿತ್ತು, ಜ್ವರ ಅಪರೂಪವಾಗಿತ್ತು. ಈಗ ಮಧ್ಯಾಹ್ನ ಇಪ್ಪತ್ತಾರು ಮುಟ್ಟುತ್ತದೆ. ಸೊಳ್ಳೆಗೆ ಹೇಳಿ ಮಾಡಿಸಿದ ಹವೆ.

ಇಲಾಖೆಯ ನಿಯಮ ಚಿಕ್ಕದು. ಸತತ ನಾಲ್ಕು ವಾರ ಸರಾಸರಿ ಗಂಟೆಗೆ ಒಂದಕ್ಕಿಂತ ಕಡಿಮೆ ಸಿಕ್ಕರೆ ಬಡಾವಣೆ ಸುರಕ್ಷಿತ. ಹೊಗೆ ಯಂತ್ರವೂ ನೀರಿನ ತೊಟ್ಟಿ ಪರೀಕ್ಷಿಸುವ ತಂಡವೂ ಬೇರೆಡೆಗೆ ಹೋಗುತ್ತವೆ. ಕಳೆದ ಚಳಿಗಾಲದಲ್ಲಿ ಹಾಗೆಯೇ ಹೋದವು. ಮೂರು ವಾರದೊಳಗೆ ಬಡಾವಣೆಯ ಪ್ರಾಥಮಿಕ ಶಾಲೆಯ ಹದಿನಾಲ್ಕು ಮಕ್ಕಳು ಡೆಂಗಿ ಹಿಡಿದು ಮಲಗಿದರು. ಇವರ ಅಣ್ಣನ ಮಗಳು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಶಾಲೆಯ ಬೆಂಚಿನಲ್ಲಿ ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಬರಲಿಲ್ಲ.

"ಸೊನ್ನೆ ಬರೆದಿದ್ದು ನಾನೇ. ಸುಳ್ಳು ಬರೀಲಿಲ್ಲ. ಆರಕ್ಕೆ ಇರ್ಲಿಲ್ಲ, ಇಲ್ಲ ಅಂತ ಬರೆದೆ. ಆರಕ್ಕೆ ಇಲ್ಲ ಅಂದ್ರೆ ದಿನವೆಲ್ಲಾ ಇಲ್ಲ ಅಂತ ನಾನೂ ನಂಬ್ಕೊಂಡಿದ್ದೆ. ಅದು ನನ್ನ ತಪ್ಪೇ."

ಅಣ್ಣನ ಸಂಸಾರ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿದೆ. ನಾವು ಮಾತಾಡುತ್ತಿದ್ದಾಗ ಅತ್ತಿಗೆ ಬಕೆಟ್ಟು ಹಿಡಿದು ಮೆಟ್ಟಿಲಿಳಿದರು. ನನ್ನನ್ನು ಕಂಡು ನಿಂತರು. "ಪೇಪರಿನವರಾ? ಬರ್ಕೊಳ್ಳಿ. ಮನೆಯಲ್ಲೇ ಸೊಳ್ಳೆ ಹಿಡಿಯೋರಿದ್ರೂ ನನ್ನ ಮಗಳಿಗೆ ಸೊಳ್ಳೆ ಕಚ್ಚಿತು. ದೀಪದ ಬುಡ ಕತ್ತಲು ಅಂತ ಸುಮ್ನೆ ಹೇಳಿಲ್ಲ."

"ಅತ್ತಿಗೆ, ಬಂದವರ ಮುಂದೆ..."

"ಬಂದವರ ಮುಂದೆ ಏನು? ನಿನ್ನ ಸೊನ್ನೆ ನಂಬಿ ತಾನೇ ನಾನು ಸೊಳ್ಳೆ ಪರದೆ ಒಗೆದು ಎತ್ತಿಟ್ಟಿದ್ದು?"

ಸೊಳ್ಳೆ ಅಕ್ಕ ಸ್ಟೂಲಿನಿಂದ ಎದ್ದರು. ಬಕೆಟ್ಟಿಗೆ ಕೈ ಕೊಡಲು ಹೋದರು. ಅತ್ತಿಗೆ ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಕಳೆದ ವರ್ಷ, ಪಕ್ಕದ ಆ ಹುಡುಗಿ ತೀರಿಕೊಂಡ ಮರುವಾರ, ಇವರು ಹದಿನೈದು ದಿನ ರಜೆ ಹಾಕಿ, ಮುಖ್ಯೋಪಾಧ್ಯಾಯಿನಿಯ ಅನುಮತಿ ಪಡೆದು, ಆ ಮಕ್ಕಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಹನ್ನೊಂದರಿಂದ ಮೂರರ ತನಕ ಸಿಕ್ಕಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಉಷ್ಣಾಂಶ ಸಮೇತ ಬರೆದಿಟ್ಟರು. ಅತಿ ಕಡಿಮೆ ಸಿಕ್ಕ ದಿನ ಹತ್ತೊಂಬತ್ತು.

ಈ ವರ್ಷವೂ ಬಿಡುವಿನಲ್ಲಿ ಹೋಗುತ್ತಾರೆ. ಬುಧವಾರ ನಾನೂ ಜೊತೆಗಿದ್ದೆ. ಗೋಡೆಗೆ ತೂಗುಹಾಕಿದ ಸ್ವೆಟರುಗಳ ಹಿಂದಿನ ನೆರಳಿನಿಂದ ಅವು ಹೊರಬರುವುದನ್ನು ತೋರಿಸಿದರು. ಮಕ್ಕಳ ಕಾಲುಗಳು ಬೆಂಚಿನಡಿ ಹೊದಿಕೆಯಿಲ್ಲದೆ ಇದ್ದವು. ಹನ್ನೊಂದರಿಂದ ಒಂದರವರೆಗೆ ಒಂಬತ್ತು, ಒಂದರಿಂದ ಮೂರರವರೆಗೆ ಇಪ್ಪತ್ತೆರಡು. ನಾನೂ ಎಣಿಸಿದೆ.

"ಟೀಚರ್, ಹಿಂದಿನ ಬೆಂಚಿನವ್ರು ಹೋಮ್‌ವರ್ಕ್ ಮಾಡಿಲ್ಲ" ಎಂದು ಒಬ್ಬಳು ಕೂಗಿದಳು. ತರಗತಿಯೆಲ್ಲ ನಕ್ಕಿತು. ಅಣ್ಣನ ಮಗಳು ನಗಲಿಲ್ಲ. ಅವಳ ಬೆಂಚಿನಲ್ಲಿ ಈಗ ಅವಳೊಬ್ಬಳೇ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ, "ಅತ್ತೆ, ಎಷ್ಟಾಯ್ತು?" ಎಂದು ಪಿಸುಗುಟ್ಟಿದಳು.

ನೋಟ್‌ಬುಕ್ಕನ್ನು ಜಿಲ್ಲಾ ಅಧಿಕಾರಿಗೆ ಮೂರು ಸಲ ತೋರಿಸಿದ್ದಾರೆ. ಅಧಿಕಾರಿಯನ್ನು ನಾನೂ ಕಂಡೆ. ಅವರು ಒರಟರಲ್ಲ. "ಆಯಮ್ಮ ಒಳ್ಳೇ ಕೆಲಸಗಾರ್ತಿ. ಆದ್ರೆ ನೋಡಿ, ಇಪ್ಪತ್ತು ವರ್ಷದ ಅಂಕಿ ಈ ಎರಡೇ ಹೊತ್ತಿನದು. ಈಗ ಮೂರನೇದು ಸೇರಿಸಿದ್ರೆ ಹಳೇದಕ್ಕೂ ಹೊಸದಕ್ಕೂ ಹೋಲಿಕೆ ಹೇಗೆ ಮಾಡೋದು? ನೋಟ್‌ಬುಕ್ಕಲ್ಲಿರೋದು ಅನಧಿಕೃತ." ಮಧ್ಯಾಹ್ನದ ಅಂಕಿಯನ್ನು ಅವರು ಸುಳ್ಳೆನ್ನಲಿಲ್ಲ. ನೋಟ್‌ಬುಕ್ಕನ್ನು ಓದಿ ನೋಡಿದ್ದೀರಾ ಎಂದು ಕೇಳಿದೆ. "ಕಣ್ಣು ಹಾಯಿಸಿದ್ದೀನಿ" ಎಂದರು.

ಅಧಿಕಾರಿಯ ಹೋಲಿಕೆಯ ಮಾತನ್ನು ನಾನು ಹೇಳಿದಾಗ ಸೊಳ್ಳೆ ಅಕ್ಕ ನಳಿಕೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. "ಸೊಳ್ಳೆ ಬಿಸಿಲು ನೋಡಿ ಹೊರಡುತ್ತೆ, ನಮ್ಮ ಗಡಿಯಾರ ನೋಡಿ ಅಲ್ಲ. ಅದಕ್ಕೆ ಹೋಲಿಕೆ ಬೇಕಾಗಿಲ್ಲ."

ನಮೂನೆ ವರ್ಷಕ್ಕೊಮ್ಮೆ, ಇದೇ ತಿಂಗಳು ಅಚ್ಚಾಗುತ್ತದೆ. ಇವರ ಬೇಡಿಕೆ ಇಷ್ಟೇ: ಚಳಿಗಾಲದ ಮೂರು ತಿಂಗಳಿಗೆ 'ಹನ್ನೊಂದರಿಂದ ಮೂರು' ಎಂಬ ಒಂದು ಮನೆ. "ಬಿರುದು ಬಾವಲಿ ಬೇಡ. ಒಂದಂಗುಲ ಜಾಗ ಕೊಡ್ಲಿ, ಸಾಕು. ಅತ್ತಿಗೆ ಮುಖ ಎತ್ತಿ ನೋಡೋಕೆ ನನಗೆ ಅಷ್ಟು ಸಾಕು."

ನಾನು ಅವರನ್ನು ಕಂಡದ್ದು ಈ ಚಳಿಗಾಲದ ಮೂರನೇ ಸೊನ್ನೆ ವಾರದಲ್ಲಿ. ನಾಲ್ಕನೇ ವಾರದ ಸೋಮವಾರ ಹೊಸ ನಮೂನೆಗಳು ಬಂದವು. ಹೊತ್ತಿನ ಮನೆಗಳು ಎರಡೇ. ಆ ದಿನದಿಂದ ಸೊಳ್ಳೆ ಅಕ್ಕ ಬೆಳಗಿನ ಮನೆಯಲ್ಲಿ ಸೊನ್ನೆ ಬರೆಯಲಿಲ್ಲ. ಖಾಲಿ ಬಿಟ್ಟು, ಪಕ್ಕದಲ್ಲಿ 'ಇದು ಸೊಳ್ಳೆಯ ಹೊತ್ತಲ್ಲ' ಎಂದು ಬರೆದು ಸಹಿ ಹಾಕಿ ಕಳಿಸಿದರು. ಕಚೇರಿಯಲ್ಲಿ ಖಾಲಿ ಮನೆಗಳನ್ನು ಸೊನ್ನೆ ಎಂದು ತುಂಬಲಾಯಿತು. ಶನಿವಾರ ಹೊಗೆ ಯಂತ್ರವನ್ನೂ ತೊಟ್ಟಿ ಪರೀಕ್ಷಿಸುವ ತಂಡವನ್ನೂ ಪಕ್ಕದ ಬಡಾವಣೆಗೆ ಕಳಿಸಿದರು.