ಆ ರಾತ್ರಿ ಕ್ಲಚ್ ಒತ್ತಿದ್ದು ಯಾರು?

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ರಾಮದುರ್ಗದಲ್ಲಿ ಗ್ಯಾರೇಜ್ ನಡೆಸುವ ಹೆಂಗಸು ನಾನು. ಕೂತು ಕಥೆ ಕಟ್ಟುವಷ್ಟು ಪುರುಸೊತ್ತು ನನಗಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಪ್ಪನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು. ಚಿಕ್ಕಂದಿನಿಂದ ಅಪ್ಪನ ಜೊತೆ ಕೆಲಸ ಕಲಿತವಳು ನಾನು, ಹಾಗಾಗಿ ಗ್ಯಾರೇಜನ್ನು ನಾನೇ ನಡೆಸತೊಡಗಿದೆ. ಅಪ್ಪನ ತಮ್ಮ ಕಾಕಾನಿಗೆ ಅದು ಸೇರಲಿಲ್ಲ.

ಆಗ ಬಂತು ಆ ಕೆಂಪು ಸ್ಪೋರ್ಟ್ಸ್ ಕಾರು. ಹತ್ತಿ ವ್ಯಾಪಾರಿ ರಫೀಕ್ ಭಾಯಿ ಮುಂಬೈಯಿಂದ ತಂದ ಹಳೇ ಗಾಡಿ. ಎರಡೇ ಸೀಟು, ನೆಲಕ್ಕೆ ತಾಗುವಂಥ ಮೈ. ಕ್ಲಚ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗಿಳಿದು ಅಲ್ಲೇ ಕೂರುತ್ತಿತ್ತು, ಗೇರ್ ಕರಕರ ಅನ್ನುತ್ತಿತ್ತು. ಅದು ಕೇಬಲ್ ಕ್ಲಚ್ ಅಲ್ಲ, ಎಣ್ಣೆಯ ಒತ್ತಡದ ಮೇಲೆ ನಡೆಯುವಂಥದ್ದು. ಗೇರ್‌ಬಾಕ್ಸ್ ಪಕ್ಕದ ಸಿಲಿಂಡರ್ ಸೋರುತ್ತಿತ್ತು. ಬಿಚ್ಚಿ, ರಬ್ಬರ್ ಬದಲಿಸಿ, ಮತ್ತೆ ಕೂರಿಸಿದೆ. ಸೋರುವುದು ನಿಂತಿತು, ಪೆಡಲ್ ಮಾತ್ರ ಏಳಲಿಲ್ಲ. ಎರಡು ದಿನ ಒದ್ದಾಡಿದೆ.

ಎರಡನೇ ದಿನ ಸಂಜೆ ಕಾಕಾ ಗ್ಯಾರೇಜಿಗೇ ಬಂದ.

"ಸಾಕ್ ಮಾಡ ಗಂಗವ್ವಾ. ನಾಳೆ ಮುಂಜಾನೆ ಲಾರಿ ಬರ್ತೈತಿ, ಈ ಕಾರು ರಿಪೇರಿಗೆ ಬೆಳಗಾವಿಗೆ ಹೊಕ್ಕೈತಿ. ಅದು ಹೋತಂದ್ರ ಗ್ಯಾರೇಜಿಗೆ ಕೀಲಿ ಹಾಕೂದ. ಹೆಣ್ಣಮಕ್ಕಳ ಕೆಲಸಲ್ಲ ಇದು."

ಮೈ ಉರಿದುಹೋಯಿತು. "ಲಾರಿ ಬರ್ಲಿ ಕಾಕಾ," ಅಂದೆ. "ಖಾಲಿ ಹೊಕ್ಕೈತಿ."

ರಾತ್ರಿ ಹತ್ತರವರೆಗೆ ಪೆಡಲ್ ಒತ್ತಿ ಒತ್ತಿ ಸುಸ್ತಾದ ರಫೀಕ್ ಭಾಯಿ, "ಮುಂಜಾನೆ ನೋಡೂಣಕ್ಕಾ" ಎಂದು ಮನೆಗೆ ಹೋದರು. ನಾನು ಶಟರ್ ಎಳೆದು ಒಳಗಿನಿಂದ ಬೀಗ ಹಾಕಿಕೊಂಡೆ. ಸೋಲುವವಳು ನಾನಲ್ಲ.

ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟಾಗ ತಪ್ಪು ಕಂಡಿತು. ಸಿಲಿಂಡರಿಗೆ ಎರಡು ತೂತು. ಗಾಳಿ ಬಿಡುವ ನಿಪ್ಪಲ್ ಮೇಲಿರಬೇಕು, ಎಣ್ಣೆ ಪೈಪ್ ಕೆಳಗೆ. ನಾನು ಉಲ್ಟಾ ಹಾಕಿದ್ದೆ. ಗಾಳಿ ಮೇಲೆಯೇ ಸಿಕ್ಕಿಕೊಂಡಿತ್ತು. "ಥೂ ಗಂಗಿ, ಕತ್ತೆ ನೀ!" ಎಂದು ನನ್ನನ್ನೇ ಬೈದುಕೊಂಡು ಎರಡನ್ನೂ ಅದಲು ಬದಲು ಮಾಡಿದೆ. ನೆನಪಿರಲಿ, ಇದನ್ನು ಕಂಡುಹಿಡಿದವಳು ನಾನೇ.

ಆದರೆ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಿಪ್ಪಲ್ ಸಡಿಲಿಸಬೇಕು. ಅಪ್ಪ ಚಪ್ಪಲಿ ಬಿಟ್ಟು ಬರಿಗಾಲಿನಲ್ಲೇ ಒತ್ತುತ್ತಿದ್ದ. ಮೂರು ಸಲ ಒತ್ತಿ, ನಾಲ್ಕನೆಯದಕ್ಕೆ ಬಿಗಿ ಹಿಡಿಯುತ್ತಿದ್ದ. "ಬರಿಗಾಲಿಗೇ ಪೆಡಲಿನ ನಾಡಿ ಸಿಗತೈತಿ" ಅನ್ನುತ್ತಿದ್ದ.

ನಾನು ಒಬ್ಬಳೇ. ಪೆಡಲ್ ಒತ್ತಿ, ಸೀಟಿಗೂ ಅದಕ್ಕೂ ನಡುವೆ ಕಟ್ಟಿಗೆ ತುಂಡೊಂದನ್ನು ಸಿಗಿಸಿ ಕೆಳಗೆ ಬಂದೆ. ನಿಪ್ಪಲ್ ಮುಟ್ಟಿದ್ದೆನಷ್ಟೆ...

ಟಕ್! ಮೇಲೆ ಕಟ್ಟಿಗೆ ಬಿತ್ತು.

ಫಸಕ್... ಫಸಕ್... ಫಸಕ್...

ಸದ್ದಿನಲ್ಲೇ ತಿಳಿಯಿತು, ಪೆಡಲ್ ಏಳುತ್ತಿತ್ತು, ಇಳಿಯುತ್ತಿತ್ತು. ಮೂರು ಸಲ. ನಾಲ್ಕನೆಯದಕ್ಕೆ ಅರ್ಧ ಒತ್ತಿ ನಿಂತಿತು.

ತಲೆ ಹೊರಳಿಸಿ ನೋಡಿದೆ. ಕಾರಿನ ಸುತ್ತ ಯಾರ ಕಾಲೂ ಇಲ್ಲ. ಶಟರಿನ ಬೀಗ ಹಾಕಿದಂತೆಯೇ ಇತ್ತು. ಎದ್ದು ಓಡಬೇಕೆನಿಸಿತು... ಆದರೆ ಓಡಿದರೆ ಕಾಕಾ ಗೆದ್ದಂತೆ! ಹೆದರಿಕೆಗಿಂತ ಸಿಟ್ಟೇ ಜಾಸ್ತಿಯಾಯಿತು.

"ಯಾಂವ ಅದಿಯೋ ನನಗ ಗೊತ್ತಿಲ್ಲ," ಎಂದು ಕೂಗಿದೆ. "ಒತ್ತೂದಾದ್ರ ಪೂರ್ತಿ ಒತ್ತು! ಅರ್ಧಾ ಒತ್ತಬ್ಯಾಡ!"

ಪೆಡಲ್ ನಿಧಾನವಾಗಿ ಪೂರ್ತಿ ಕೆಳಗಿಳಿಯಿತು.

ನಿಪ್ಪಲ್ ಸಡಿಲಿಸಿದೆ. ಗುಳುಗುಳು ಗಾಳಿ ಬಂತು. ಮುಚ್ಚಿದೆ. "ಒತ್ತು!" ಮತ್ತೆ ಮೂರು ಸಲ, ಮತ್ತೆ ಬಿಗಿ. ಏಳೆಂಟು ಸಲವಾದ ಮೇಲೆ ಒತ್ತುವುದು ತಡವಾಗತೊಡಗಿತು. "ದಣದೀ ಏನ? ಇನ್ನೆರಡ ಸಲ!" ಎಂದು ಗದರಿದೆ. ಒತ್ತಿತು. ಗಾಳಿಯಿಲ್ಲದ ಶುದ್ಧ ಎಣ್ಣೆ ಬಂತು.

ಹೊರಗೆ ತೆವಳಿ ಬಂದು ನೋಡಿದರೆ ಸೀಟು ಖಾಲಿ. ಕ್ಲಚ್ಚಿಗೆ ಹಾಕಿದ ಬ್ರೇಕ್ ಆಯಿಲ್ ವಾಸನೆಯ ನಡುವೆ ಬೆಳ್ಳುಳ್ಳಿ ಹಾಕಿ ಕುದಿಸಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೈಯಿಂದ ಪೆಡಲ್ ಒತ್ತಿದೆ. ಗಟ್ಟಿಯಾಗಿತ್ತು.

ಬೆಳಿಗ್ಗೆ ಲಾರಿ ಬಂತು. ಕಾಕಾನ ಎದುರೇ ರಫೀಕ್ ಭಾಯಿ ಸದ್ದಿಲ್ಲದೆ ಗೇರ್ ಹಾಕಿ, ಮಲಪ್ರಭೆಯ ಸೇತುವೆ ತನಕ ಹೋಗಿ ಬಂದರು. ಲಾರಿ ಖಾಲಿ ಹೋಯಿತು. ಏನು ಖುಷಿ ನನಗೆ!

ಮನೆಗೆ ಓಡಿದೆ. ಅವ್ವ ಅಪ್ಪನ ಕಾಲಿಗೆ ಬೆಳ್ಳುಳ್ಳಿ ಎಣ್ಣೆ ತಿಕ್ಕುತ್ತಿದ್ದಳು. ಅವಳ ಕಣ್ಣುಗಳು ಊದಿದ್ದವು.

"ರಾತ್ರಿ ನಿಮ್ಮಪ್ಪನ ಎಡಗಾಲು ಆಡೇತಬೇ ಗಂಗವ್ವಾ... ಬಿದ್ದ ಕಾಲು! ಮೂರು ಸಲ ಝಾಡಿಸೂದು, ಬಿಗಿ ಹಿಡಿಯೂದು. ಎಷ್ಟ ಹಿಡಕೊಂಡ್ರೂ ನಿಲ್ಲವಲ್ದು. ಕಡೀಕ ಬೆವತು, ಉಸರ ಬಿಡಾಕ ಹತ್ತಿದ್ದ..."

ಅಂಗಾಲು ನೋಡಿದೆ. ಆರು ಕೆಂಪು ಅಡ್ಡಗೆರೆ. ಅಪ್ಪ ನನ್ನನ್ನೇ ದಿಟ್ಟಿಸುತ್ತಿದ್ದ. ಮಧ್ಯಾಹ್ನ ಆ ಕಾರಿನ ಪೆಡಲಿನ ರಬ್ಬರ್ ಮೇಲಿನ ಅಡ್ಡಪಟ್ಟಿ ಎಣಿಸಿದೆ. ಆರೇ.

ಆ ಕಾಲು ಮತ್ತೆಂದೂ ಅಲುಗಲಿಲ್ಲ. ಮುಂದಿನ ವರ್ಷ ಅಪ್ಪ ತೀರಿಕೊಂಡ. ಗ್ಯಾರೇಜ್ ಇವತ್ತಿಗೂ ನನ್ನದೇ. ಕಾಕಾನಿಗೆ ಹೆದರಲಿಲ್ಲ, ಊರಿಗೂ ಹೆದರುವುದಿಲ್ಲ.

ಆದರೆ ಒಬ್ಬಳೇ ಗಾಡಿಯ ಕೆಳಗೆ ಮಲಗಿದ್ದಾಗ ಮಾತ್ರ, "ಒತ್ತು" ಎಂದು ನಾನು ಬಾಯಿ ತಪ್ಪಿಯೂ ಅನ್ನುವುದಿಲ್ಲ...